ನಾಯಿಯ ಹೊಟ್ಟೆಯ ಅಲ್ಟ್ರಾಸೌಂಡ್ ಓದುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪ್ರೋಬ್ (ಮೈಮೇಲಿಟ್ಟು ಧ್ವನಿತರಂಗ ಕಳಿಸುವ ಅಲ್ಟ್ರಾಸೌಂಡ್ ಹಿಡಿಕೆ) ಕೈಗೆ ಬಂದ ಹೊಸತರಲ್ಲಿ ಒಂದು ನಾಯಿಯ ಮೂತ್ರಕೋಶ ಒಡೆದಿದೆ ಎಂದು ವರದಿ ಬರೆದಿದ್ದೆ. ಹೊಟ್ಟೆಯೊಳಗೆ ನೀರು ತುಂಬಿತ್ತು, ಮೂತ್ರಕೋಶದ ಗೋಡೆಯಲ್ಲಿ ಒಂದು ಕಡೆ ಕಿಂಡಿ ಬಿದ್ದಂತೆ ಕಾಣುತ್ತಿತ್ತು, ಇನ್ನೇನು ಬೇಕು? ಶಸ್ತ್ರಚಿಕಿತ್ಸೆಯ ಕೊಠಡಿ ಸಿದ್ಧವಾಗುವಷ್ಟರಲ್ಲಿ ಹಿರಿಯ ವೈದ್ಯೆಯೊಬ್ಬರು ಬಂದು ಪ್ರೋಬನ್ನು ತುಸು ಓರೆ ಮಾಡಿದರು. ಕಿಂಡಿ ಜಾಗ ಬದಲಿಸಿತು. ಇನ್ನೊಂದು ಮಗ್ಗುಲಿಗೆ ಓರೆ ಮಾಡಿದರು, ಮಾಯವಾಯಿತು. ದುಂಡಗಿನ ಅಂಗದ ಅಂಚಿನಲ್ಲಿ ಧ್ವನಿತರಂಗ ಬಾಗಿ ಹೋಗುವುದರಿಂದ ಬೀಳುವ ನೆರಳು ಅದು. ನಾಯಿಗೆ ಇದ್ದದ್ದು ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಕೊರತೆ. ಹೊಟ್ಟೆಯಲ್ಲಿ ನೀರು ಸೇರಿದ್ದು ಅದರಿಂದ.

ಆವತ್ತಿನಿಂದ ಪರದೆಯಲ್ಲಿ ಕಂಡದ್ದಕ್ಕೆ ಮೊದಲು ಹೆಸರಿಡುವುದಿಲ್ಲ, ವರ್ಣಿಸುತ್ತೇನೆ. ಅಲ್ಟ್ರಾಸೌಂಡ್ ತೋರಿಸುವುದು ಆಕಾರ, ಅಳತೆ, ಬಿಳುಪು-ಕಪ್ಪು, ಚಲನೆ, ರಕ್ತದ ಹರಿವು ಇಷ್ಟನ್ನೇ. ರೋಗದ ಹೆಸರನ್ನು ಅದರ ಪಕ್ಕದಲ್ಲಿ ನಾವು ಬರೆಯುತ್ತೇವೆ, ಆಗ ತಪ್ಪುವುದೂ ನಾವೇ. ಈ ಬರಹ ಮುಖ್ಯವಾಗಿ ಸ್ಕ್ಯಾನ್ ಕಲಿಯುತ್ತಿರುವ ಪಶುವೈದ್ಯರಿಗೆ. ತಮ್ಮ ನಾಯಿಯ ವರದಿ ಹಿಡಿದು ತಲೆ ಕೆಡಿಸಿಕೊಂಡವರಿಗೂ ಬಹುಪಾಲು ಅರ್ಥವಾದೀತು.

ಹಂತ 1: ಪ್ರಶ್ನೆ ಮೊದಲು, ಪ್ರೋಬ್ ಆಮೇಲೆ

ಸ್ಕ್ಯಾನ್ ಶುರು ಮಾಡುವ ಮೊದಲು ಒಂದು ಸಾಲು ಬರೆದುಕೊಳ್ಳಿ: ಈ ನಾಯಿಯಲ್ಲಿ ನಾನು ಏನನ್ನು ಹುಡುಕುತ್ತಿದ್ದೇನೆ? ಮೂರು ದಿನದಿಂದ ವಾಂತಿ, ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ, ಇದ್ದಕ್ಕಿದ್ದಂತೆ ಕುಸಿದು ಬಿದ್ದದ್ದು, ಯಕೃತ್ತಿನ ಕಿಣ್ವಗಳ ಏರಿಕೆ, ಹೀಗೆ. ವಯಸ್ಸು, ತಳಿ, ಸಂತಾನಹರಣ ಆಗಿದೆಯೇ, ಸ್ಟೀರಾಯ್ಡ್ ಕೊಡುತ್ತಿದ್ದಾರೆಯೇ ಎಂಬುದೂ ಬೇಕು. ಸ್ಟೀರಾಯ್ಡ್ ವಿಚಾರವನ್ನು ಕೇಳದೆ ಬಿಳುಪೇರಿದ ಯಕೃತ್ತನ್ನು ಅರ್ಥ ಮಾಡಿಕೊಳ್ಳಲು ಹೊರಟರೆ ಅರ್ಧ ದಿನ ವ್ಯರ್ಥ.

ಪ್ರಶ್ನೆ ಇದೆಯೆಂದು ಅಲ್ಲಿಗಷ್ಟೇ ಪ್ರೋಬ್ ಇಟ್ಟು ಎದ್ದುಬಿಡಬೇಡಿ. ಮೂತ್ರಕೋಶದ ಕಲ್ಲು ಸಿಕ್ಕ ಖುಷಿಯಲ್ಲಿ ಗುಲ್ಮದ (ಸ್ಪ್ಲೀನ್) ಗೆಡ್ಡೆಯನ್ನು ನೋಡದೆ ಬಿಟ್ಟವರು ಬಹಳ ಮಂದಿ ಇದ್ದಾರೆ.

ಹಂತ 2: ಸಿದ್ಧತೆ

ತುರ್ತು ಇಲ್ಲದಿದ್ದರೆ ಎಂಟರಿಂದ ಹನ್ನೆರಡು ಗಂಟೆ ಉಪವಾಸ, ನೀರು ಕುಡಿಯಬಹುದು. ಮರಿಗಳಿಗೂ ಮಧುಮೇಹದ ನಾಯಿಗಳಿಗೂ ಈ ನಿಯಮ ಸಡಿಲ. ಮೂತ್ರಕೋಶ ಸಾಧಾರಣ ತುಂಬಿರಲಿ, ಬರುವ ದಾರಿಯಲ್ಲಿ ನಾಯಿ ಕಂಡ ಕಂಬಕ್ಕೆಲ್ಲ ಕಾಲೆತ್ತಲು ಬಿಡಬೇಡಿ ಎಂದು ಮಾಲೀಕರಿಗೆ ಹೇಳಿ. ಕೂದಲು ಬೋಳಿಸಿ, ಧಾರಾಳವಾಗಿ ಜೆಲ್ ಹಾಕಿ. ಕೂದಲಿನ ನಡುವೆ ಸಿಕ್ಕ ಗಾಳಿ ಎಂಥ ದುಬಾರಿ ಯಂತ್ರವನ್ನೂ ಕುರುಡು ಮಾಡುತ್ತದೆ.

ಚಿಕ್ಕ ನಾಯಿಗೆ 8 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಆವರ್ತನ, ದೊಡ್ಡ ನಾಯಿಯ ಆಳದ ಅಂಗಗಳಿಗೆ 5ರ ಆಸುಪಾಸು. ಆವರ್ತನ ಏರಿದಷ್ಟೂ ಚಿತ್ರ ಸ್ಪಷ್ಟ, ಆದರೆ ತರಂಗ ಆಳಕ್ಕೆ ಇಳಿಯುವುದಿಲ್ಲ. ಉದ್ದಸೀಳಿನಲ್ಲಿ ನಾಯಿಯ ತಲೆ ಪರದೆಯ ಎಡಕ್ಕೆ, ಅಡ್ಡಸೀಳಿನಲ್ಲಿ ನಾಯಿಯ ಬಲಭಾಗ ಪರದೆಯ ಎಡಕ್ಕೆ ಬರುವಂತೆ ಹಿಡಿಯುವುದು ರೂಢಿ. ಪ್ರೋಬಿನ ಮೇಲಿನ ಗುರುತನ್ನು ನೋಡದೆ ಶುರು ಮಾಡಿದರೆ ಎಡ-ಬಲ ಅದಲುಬದಲಾಗಿ, ಮೂತ್ರಪಿಂಡದ ಪಕ್ಕದ ಹಾರ್ಮೋನ್ ಗ್ರಂಥಿಯಾದ ಎಡ ಅಡ್ರಿನಲ್‌ನ ಗೆಡ್ಡೆ ಬಲಕ್ಕೆ ದಾಖಲಾಗುತ್ತದೆ.

ಹಂತ 3: ಬಿಳುಪಿನ ಏಣಿ

ಅಲ್ಟ್ರಾಸೌಂಡ್ ಓದುವವರು ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ಒಂದು ಅಂಗ ಬೆಳ್ಳಗಿದೆ ಎಂದರೆ ಯಾವುದಕ್ಕಿಂತ ಬೆಳ್ಳಗಿದೆ? ಮರಳಿ ಬಂದ ತರಂಗವನ್ನು ಹಿಗ್ಗಿಸಿ ತೋರಿಸುವ ಗೇನ್ ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಯಾವ ಯಕೃತ್ತನ್ನಾದರೂ ಬೆಳ್ಳಗೆ ಮಾಡಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಈ ಪರದೆಗೇ ಹೇಳಿ ಮಾಡಿಸಿದಂತಿದೆ. ಆದ್ದರಿಂದ ಹೋಲಿಕೆ ಅಂಗ-ಅಂಗಗಳ ನಡುವೆ, ಅದೂ ಒಂದೇ ಆಳದಲ್ಲಿ, ಒಂದೇ ಗೇನ್‌ನಲ್ಲಿ, ಸಾಧ್ಯವಾದರೆ ಒಂದೇ ಚೌಕಟ್ಟಿನಲ್ಲಿ.

ಆರೋಗ್ಯವಂತ ನಾಯಿಯಲ್ಲಿ ಕಪ್ಪಿನಿಂದ ಬಿಳುಪಿಗೆ ಏರುವ ಕ್ರಮ ಇದು: ಮೂತ್ರಪಿಂಡದ ಒಳಪದರ, ಮೂತ್ರಪಿಂಡದ ಹೊರಪದರ, ಯಕೃತ್ತು, ಗುಲ್ಮ, ಪ್ರಾಸ್ಟೇಟ್. ಬಲ ಮೂತ್ರಪಿಂಡ ಯಕೃತ್ತಿಗೆ ಅಂಟಿಕೊಂಡಂತೆ ಇರುವುದರಿಂದ ಅವೆರಡನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಸುಲಭ. ಎಡಗಡೆ ಗುಲ್ಮ ಮತ್ತು ಎಡ ಮೂತ್ರಪಿಂಡ ಜೊತೆಯಾಗಿ ಸಿಗುತ್ತವೆ. ಏಣಿಯ ಒಂದು ಮೆಟ್ಟಿಲು ಅದಲುಬದಲಾದರೆ ಯಾವುದು ಏರಿತು, ಯಾವುದು ಇಳಿಯಿತು ಎಂದು ಮೂರನೆಯ ಅಂಗವನ್ನು ಸಾಕ್ಷಿಗೆ ಕರೆಯಬೇಕು. ಯಕೃತ್ತು ಗುಲ್ಮಕ್ಕಿಂತ ಬೆಳ್ಳಗೆ ಕಂಡಿತು ಎನ್ನಿ. ಯಕೃತ್ತು ಬಿಳುಪೇರಿರಬಹುದು, ಗುಲ್ಮ ಕಪ್ಪಾಗಿರಲೂಬಹುದು. ಗುಲ್ಮವನ್ನು ಎಡ ಮೂತ್ರಪಿಂಡದ ಪಕ್ಕ ಇಟ್ಟು ನೋಡಿ: ಎಂದಿನಂತೆ ಎದ್ದು ಕಾಣುವಷ್ಟು ಬೆಳ್ಳಗಿದ್ದರೆ ತಕರಾರು ಯಕೃತ್ತಿನದೇ.

ವರದಿಯ ಭಾಷೆಯಲ್ಲಿ ಹೆಚ್ಚು ಬೆಳ್ಳಗಿರುವುದು ಹೈಪರ್‌ಎಕೋಯಿಕ್, ಕಡಿಮೆ ಬೆಳ್ಳಗಿರುವುದು ಹೈಪೊಎಕೋಯಿಕ್, ನೀರಿನಂತೆ ಪೂರ್ತಿ ಕಪ್ಪಾಗಿರುವುದು ಅನೆಕೋಯಿಕ್.

ಹಂತ 4: ಯಂತ್ರ ಹೇಳುವ ಸುಳ್ಳುಗಳು

ತರಂಗ ನೇರವಾಗಿ ಹೋಗುತ್ತದೆ, ಒಂದೇ ಸಲ ತಾಗಿ ಮರಳುತ್ತದೆ ಎಂದು ಯಂತ್ರ ನಂಬಿಕೊಂಡಿದೆ. ಹಾಗಾಗದಿದ್ದಾಗ ಇಲ್ಲದ್ದನ್ನು ತೋರಿಸುತ್ತದೆ. ಪಿತ್ತಕೋಶ, ಮೂತ್ರಕೋಶಗಳಂಥ ನೀರಿನ ಚೀಲದ ಹಿಂದೆ ಎಲ್ಲವೂ ಅನಗತ್ಯವಾಗಿ ಬೆಳ್ಳಗೆ ಕಾಣುತ್ತದೆ. ಪಿತ್ತಕೋಶದ ಹಿಂದಿನ ಯಕೃತ್ತು ಬಿಳುಪೇರಿದೆ ಎಂದು ಬರೆಯುವುದು ಆರಂಭಿಕರ ಮಾಮೂಲಿ ಎಡವಟ್ಟು. ಕಲ್ಲು, ಮೂಳೆಗಳ ಹಿಂದೆ ಕಪ್ಪು ನೆರಳು ಬೀಳುತ್ತದೆ. ಅನಿಲದ ಹಿಂದೆ ಬೀಳುವುದು ಕೊಳಕು ನೆರಳು, ಅದರೊಳಗೆ ಬೂದು ಪಟ್ಟಿಗಳಿರುತ್ತವೆ. ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯ ಆಚೆ ಎದೆಯೊಳಗೆ ಇನ್ನೊಂದು ಯಕೃತ್ತು ಕಂಡರೆ ಅದು ಕನ್ನಡಿಬಿಂಬ, ಹರಿದ ವಪೆಯಲ್ಲ. ಮೂತ್ರಕೋಶದ ತಳದಲ್ಲಿ ಮಂಕಾಗಿ ಕೆಸರು ಕಂಡರೆ ನಾಯಿಯ ಮಗ್ಗುಲು ಬದಲಿಸಿ: ನಿಜವಾದ ಕೆಸರು ಕೆಳಗಿಳಿದು ಸಮತಟ್ಟಾಗಿ ನಿಲ್ಲುತ್ತದೆ, ಯಂತ್ರ ಹುಟ್ಟಿಸಿದ ಕೆಸರು ಪ್ರೋಬ್ ತಿರುಗಿಸಿದ ಹಾಗೆಲ್ಲ ಬಾಗುತ್ತದೆ.

ಅನುಮಾನ ಬಂದದ್ದನ್ನೆಲ್ಲ ಎರಡು ಕೋನಗಳಿಂದ ನೋಡಿ. ನಿಜವಾದ ದೋಷ ಎರಡರಲ್ಲೂ ಇರುತ್ತದೆ.

ಹಂತ 5: ಅಂಗದಿಂದ ಅಂಗಕ್ಕೆ

ಒಂದು ಕ್ರಮ ಇಟ್ಟುಕೊಳ್ಳಿ, ಅದನ್ನು ಮುರಿಯಬೇಡಿ. ನನ್ನದು ಯಕೃತ್ತಿನಿಂದ ಶುರುವಾಗಿ ಎಡಕ್ಕೆ ಗುಲ್ಮ, ಎಡ ಮೂತ್ರಪಿಂಡ, ಎಡ ಅಡ್ರಿನಲ್, ಕೆಳಗೆ ಮೂತ್ರಕೋಶ, ಆಮೇಲೆ ಬಲಗಡೆಯಿಂದ ಮೇಲೇರಿ ಬಲ ಮೂತ್ರಪಿಂಡ, ಬಲ ಅಡ್ರಿನಲ್, ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ), ಕೊನೆಗೆ ಕರುಳು.

ಯಕೃತ್ತು ಮತ್ತು ಪಿತ್ತಕೋಶ. ಕರುಳಿನ ಕಡೆಯಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳಗಳ ಗೋಡೆ ಬಿಳಿ ಗೆರೆಯಾಗಿ ಕಾಣುತ್ತದೆ, ಯಕೃತ್ತಿನಿಂದ ರಕ್ತ ಒಯ್ಯುವ ಹೆಪಾಟಿಕ್ ನಾಳಗಳದ್ದು ಕಾಣುವುದಿಲ್ಲ. ಇಡೀ ಯಕೃತ್ತು ಬಿಳುಪೇರಿ ಈ ಗೆರೆಗಳು ಮಸುಕಾದರೆ ಸ್ಟೀರಾಯ್ಡ್ ಪರಿಣಾಮ, ಕುಶಿಂಗ್ಸ್ ರೋಗ (ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನ್ ಹೆಚ್ಚಾಗುವುದು), ಮಧುಮೇಹ, ಕೊಬ್ಬು ಶೇಖರಣೆ, ಯಕೃತ್ತಿನ ಹಳೆಯ ಉರಿಯೂತ ಪಟ್ಟಿಯಲ್ಲಿರಲಿ. ಯಕೃತ್ತು ಕಪ್ಪಾಗಿ ಗೆರೆಗಳು ಎದ್ದು ಕಂಡರೆ ತೀವ್ರ ಉರಿಯೂತ, ಹೃದಯದ ಬಲಭಾಗ ಸೋತು ರಕ್ತ ನಿಂತದ್ದು, ಲಿಂಫೋಮಾ (ಲಿಂಫ್ ಜೀವಕೋಶಗಳ ಕ್ಯಾನ್ಸರ್). ಯಕೃತ್ತು ಸಹಜವಾಗಿ ಕಂಡಿತೆಂದು ಅದು ಆರೋಗ್ಯವಾಗಿದೆ ಎನ್ನಲು ಬರುವುದಿಲ್ಲ. ಲಿಂಫೋಮಾ ಎಷ್ಟೋ ಸಲ ಏನೂ ಗುರುತು ಬಿಡದೆ ಅಡಗಿರುತ್ತದೆ.

ವಯಸ್ಸಾದ ನಾಯಿಯ ಯಕೃತ್ತಿನಲ್ಲಿ ಸಣ್ಣ ಗಂಟುಗಳು ಸಾಮಾನ್ಯ, ಹೆಚ್ಚಿನವು ನಿರುಪದ್ರವಿ. ನಡುವೆ ಬಿಳುಪು, ಸುತ್ತ ಕಪ್ಪು ಉಂಗುರ ಇರುವ ಗುರಿಫಲಕದಂಥ ಗಂಟು ಕಂಡರೆ, ಅದೂ ಒಂದಕ್ಕಿಂತ ಹೆಚ್ಚಿದ್ದರೆ, ಕ್ಯಾನ್ಸರ್ ಶಂಕೆ ಬಲವಾಗುತ್ತದೆ. ಬಲವಾಗುತ್ತದೆ ಅಷ್ಟೇ, ನಿರುಪದ್ರವಿ ಗಂಟುಗಳೂ ಈ ವೇಷ ಹಾಕುವುದುಂಟು.

ಪಿತ್ತಕೋಶದೊಳಗಿನ ಕೆಸರನ್ನು ನೋಡಿ ಗಾಬರಿ ಬೇಡ, ನಾಯಿಗಳಲ್ಲಿ ಅದು ತೀರಾ ಸಾಮಾನ್ಯ. ಮಗ್ಗುಲು ಬದಲಿಸಿದಾಗ ಕೆಸರು ಜಾರಿದರೆ ಬರೆದಿಟ್ಟು ಮುಂದೆ ಹೋಗಿ. ಜಾರದೆ ನಿಂತು, ಕೊಯ್ದ ಕಿವಿ ಹಣ್ಣಿನ ಹಾಗೆ ನಡುವಿನಿಂದ ಹೊರಕ್ಕೆ ಗೆರೆಗಳು ಹರಡಿದ್ದರೆ ಅದು ಮ್ಯೂಕೋಸೀಲ್: ಗಟ್ಟಿ ಲೋಳೆ ಪಿತ್ತಕೋಶವನ್ನು ತುಂಬಿಕೊಂಡಿದೆ, ಒಡೆಯುವ ಅಪಾಯವಿದೆ. ಶೆಟ್ಲೆಂಡ್ ಶೀಪ್‌ಡಾಗ್ ತಳಿಯಲ್ಲಿ, ಕುಶಿಂಗ್ಸ್ ಇಲ್ಲವೇ ಥೈರಾಯ್ಡ್ ಕೊರತೆ ಇರುವ ನಾಯಿಗಳಲ್ಲಿ ಇದನ್ನು ಬೇಕೆಂದೇ ಹುಡುಕಿ. ಸುತ್ತಲಿನ ಕೊಬ್ಬು ಬೆಳ್ಳಗಾಗಿ ಪಕ್ಕದಲ್ಲಿ ನೀರು ಕಂಡರೆ ಸೋರಿಕೆ ಆಗಲೇ ಶುರುವಾಗಿರಬಹುದು; ಅಂದೇ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ. ಪಿತ್ತಕೋಶದ ಗೋಡೆ ಊದಿ ಎರಡು ಗೆರೆಯಾಗಿ ಕಂಡಾಗ ಪಿತ್ತಕೋಶದ ರೋಗವೆಂದೇ ತಿಳಿಯಬೇಡಿ. ತೀವ್ರ ಅಲರ್ಜಿಯ ಆಘಾತ, ಬಲ ಹೃದಯದ ಸೋಲು, ಆಲ್ಬುಮಿನ್ ಕೊರತೆಗಳಲ್ಲೂ ಹೀಗಾಗುತ್ತದೆ. ಕುಸಿದು ಬಿದ್ದು ಬಂದ ನಾಯಿಯಲ್ಲಿ ಈ ಗುರುತಿಗೆ ಬಹಳ ಬೆಲೆ.

ಗುಲ್ಮ. ಇದರ ಗಾತ್ರದ ಬಗ್ಗೆ ನಾನು ಮಾತಾಡುವುದೇ ಕಡಿಮೆ. ಜರ್ಮನ್ ಶೆಫರ್ಡ್‌ನಲ್ಲಿ ಸಹಜವಾಗಿಯೇ ದೊಡ್ಡದು. ಅಸಿಪ್ರೊಮಜಿನ್‌ನಂಥ ಮಂಪರು ಮದ್ದು ಕೊಟ್ಟರೆ ಯಾವ ನಾಯಿಯಲ್ಲೂ ಊದುತ್ತದೆ. ರಕ್ತನಾಳದ ಪಕ್ಕ ಕೂತ ಪುಟ್ಟ ಬಿಳಿ ಚುಕ್ಕೆಗಳು ಸಾಮಾನ್ಯವಾಗಿ ಕೊಬ್ಬಿನವು, ನಿರುಪದ್ರವಿ. ಇಡೀ ಅಂಗದಲ್ಲಿ ಜೇನುಗೂಡಿನಂತೆ ಸಣ್ಣ ಕಪ್ಪು ಕಲೆಗಳಿದ್ದರೆ ಲಿಂಫೋಮಾ ನೆನಪಾಗಲಿ. ಗುಲ್ಮ ಊದಿ, ಒಳಗೆ ಕಸೂತಿ ಬಟ್ಟೆಯಂತೆ ಕಂಡು, ಡಾಪ್ಲರ್‌ನಲ್ಲಿ ರಕ್ತದ ಹರಿವೇ ಇಲ್ಲದಿದ್ದರೆ ಅದು ತಿರುಚಿಕೊಂಡಿದೆ.

ದೊಡ್ಡ ಗೆಡ್ಡೆ ಕಂಡಾಗ ಮಾಲೀಕರ ಮೊದಲ ಪ್ರಶ್ನೆ 'ಕ್ಯಾನ್ಸರಾ?' ಎಂಬುದು. ಹೆಮಾಂಜಿಯೋಸಾರ್ಕೋಮಾ ಎಂಬ ಕೆಟ್ಟ ಗೆಡ್ಡೆಯೂ ಹೆಪ್ಪುಗಟ್ಟಿದ ರಕ್ತದ ಗಂಟೂ ಪರದೆಯ ಮೇಲೆ ಅವಳಿಗಳಂತೆ ಇರುತ್ತವೆ: ಎರಡೂ ಒಳಗೆ ಪೊಳ್ಳು ಪೊಳ್ಳು, ಎರಡೂ ಒಡೆದು ರಕ್ತ ಸುರಿಸಬಲ್ಲವು. ಮೂರರಲ್ಲಿ ಎರಡು ಗೆಡ್ಡೆಗಳು ಕ್ಯಾನ್ಸರ್, ಅವುಗಳಲ್ಲಿ ಮೂರರಲ್ಲಿ ಎರಡು ಹೆಮಾಂಜಿಯೋಸಾರ್ಕೋಮಾ ಎಂಬ ಹಳೆಯ ಲೆಕ್ಕವೊಂದು ಎಲ್ಲರ ಬಾಯಲ್ಲಿದೆ. ರಕ್ತಸ್ರಾವವಿಲ್ಲದೆ, ಬೇರೇನೋ ಕಾರಣಕ್ಕೆ ಸ್ಕ್ಯಾನ್ ಮಾಡುವಾಗ ಕಣ್ಣಿಗೆ ಬಿದ್ದ ಗೆಡ್ಡೆಗಳ ವಿಷಯದಲ್ಲಿ ಆ ಲೆಕ್ಕ ತೀರಾ ಕಠೋರ. ಅಂಥವುಗಳಲ್ಲಿ ನಿರುಪದ್ರವಿಗಳೇ ಹೆಚ್ಚು. ಹಾಗಾಗಿ ಗೆಡ್ಡೆಯನ್ನು ಅಳೆದು ಅಲ್ಲಿಗೆ ಬಿಡದೆ ಹೊಟ್ಟೆಯಲ್ಲಿ ರಕ್ತವಿದೆಯೇ, ಯಕೃತ್ತಿನಲ್ಲಿ ಗಂಟುಗಳಿವೆಯೇ, ಹೃದಯದ ಬಲ ಹೃತ್ಕರ್ಣದ ಬಳಿ ಗೆಡ್ಡೆಯಿದೆಯೇ ಎಂದು ನೋಡಿ. ಅಂತಿಮ ತೀರ್ಪು ಪೆಥಾಲಜಿ ವರದಿಯದು. ಪರದೆ ನೋಡಿಯೇ ದಯಾಮರಣದ ಮಾತು ಎತ್ತುವುದನ್ನು ನಾನು ಒಪ್ಪುವುದಿಲ್ಲ.

ಮೂತ್ರಪಿಂಡಗಳು. ನಾಯಿಗಳ ಗಾತ್ರ ಬಗೆಬಗೆ, ಆದ್ದರಿಂದ ಸೆಂಟಿಮೀಟರಿನಲ್ಲಿ ಮಿತಿ ಹೇಳಿದರೆ ಉಪಯೋಗವಿಲ್ಲ. ಮೂತ್ರಪಿಂಡದ ಉದ್ದವನ್ನು ಪಕ್ಕದಲ್ಲೇ ಇರುವ ಮಹಾಪಧಮನಿಯ ವ್ಯಾಸದಿಂದ ಭಾಗಿಸಿ, ಉತ್ತರ 5.5ರಿಂದ 9.1ರೊಳಗಿದ್ದರೆ ಸಹಜ. ಉದ್ದ 6 ಸೆಂ.ಮೀ., ಮಹಾಪಧಮನಿ 0.8 ಸೆಂ.ಮೀ. ಆದರೆ 7.5, ಚಿಂತೆಯಿಲ್ಲ. ಚಿಕ್ಕದಾಗಿ, ಬೆಳ್ಳಗಾಗಿ, ಅಂಕುಡೊಂಕಾಗಿ, ಒಳ-ಹೊರ ಪದರಗಳ ಗಡಿ ಅಳಿಸಿಹೋಗಿದ್ದರೆ ದೀರ್ಘಕಾಲದ ರೋಗ. ಹೊರಪದರ ಕಣ್ಣು ಕೋರೈಸುವಷ್ಟು ಬೆಳ್ಳಗಿದ್ದು ನಾಯಿ ತೀವ್ರ ಅಸ್ವಸ್ಥವಾಗಿದ್ದರೆ ವಾಹನಗಳ ಆಂಟಿಫ್ರೀಜ್ ದ್ರವ ನೆಕ್ಕಿತೇ ಎಂದು ಕೇಳಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಹೀಗೆ ಮಾಡುತ್ತದೆ. ಮೂತ್ರ ಸೇರುವ ಒಳಕುಳಿಯ ಅಗಲ ಸಾಮಾನ್ಯವಾಗಿ 2 ಮಿ.ಮೀ. ಒಳಗೆ. ಡ್ರಿಪ್ ಹಾಕಿದ್ದರೆ ಇನ್ನೂ ಒಂದೆರಡು ಮಿ.ಮೀ. ಹಿಗ್ಗಬಹುದು. 13 ಮಿ.ಮೀ. ದಾಟಿದರೆ ಎಲ್ಲೋ ಅಡಚಣೆ ಇದೆಯೆಂದೇ ಹಿಡಿದು ಮೂತ್ರನಾಳದ ಜಾಡು ಹಿಡಿಯಿರಿ.

ಅಡ್ರಿನಲ್‌ಗಳು. ಎಡಗಡೆಯದು ಕಡಲೆಕಾಯಿಯ ಆಕಾರ, ಬಲಗಡೆಯದು ಬಾಣದ ತುದಿಯಂತೆ ಇಲ್ಲವೇ ಅಲ್ಪವಿರಾಮದಂತೆ. ಅಳೆಯಬೇಕಾದದ್ದು ಉದ್ದವನ್ನಲ್ಲ, ಹಿಂತುದಿಯ ದಪ್ಪವನ್ನು. ಎಲ್ಲ ನಾಯಿಗಳಿಗೂ 7.4 ಮಿ.ಮೀ. ಎಂಬ ಒಂದೇ ಗೆರೆ ಎಳೆದಿದ್ದ ಕಾಲ ಹೋಯಿತು. ಈಗ ತೂಕದ ಪ್ರಕಾರ ನೋಡುತ್ತೇವೆ, ಐದಾರು ಕಿಲೋ ತೂಕದ ನಾಯಿಯಲ್ಲಿ 6 ಮಿ.ಮೀ. ದಾಟಿದರೇ ದಪ್ಪ ಎನ್ನುತ್ತೇವೆ. ಎರಡೂ ಊದಿದ್ದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಮೂಲದ ಕುಶಿಂಗ್ಸ್ ಇರಬಹುದು, ಆದರೆ ಬೇರೆ ಕಾಯಿಲೆಯ ಒತ್ತಡದಿಂದಲೂ ಊದುತ್ತವೆ. ಒಂದು ಊದಿ ಇನ್ನೊಂದು ಸಣಕಲಾಗಿದ್ದರೆ ಗೆಡ್ಡೆಯ ಶಂಕೆ. ಆಗ ಪಕ್ಕದ ಮಹಾಸಿರೆಯೊಳಕ್ಕೆ ಅದು ನುಗ್ಗಿದೆಯೇ ನೋಡಲೇಬೇಕು. ಎರಡೂ ತೆಳ್ಳಗೆ, 3 ಮಿ.ಮೀ. ಆಸುಪಾಸಿನಲ್ಲಿದ್ದು ನಾಯಿ ವಾಂತಿ-ಭೇದಿಯಿಂದ ನಿತ್ರಾಣವಾಗಿದ್ದರೆ ಅಡಿಸನ್ಸ್ (ಅಡ್ರಿನಲ್ ಹಾರ್ಮೋನ್ ಕೊರತೆಯ ರೋಗ) ಪರೀಕ್ಷೆ ಮಾಡಿಸಿ.

ಮೂತ್ರಕೋಶ, ಪ್ರಾಸ್ಟೇಟ್, ಗರ್ಭಕೋಶ. ಖಾಲಿ ಮೂತ್ರಕೋಶದ ಗೋಡೆ ಯಾವಾಗಲೂ ದಪ್ಪ ಕಾಣುತ್ತದೆ, ತುಂಬಿದಾಗ ಅಳೆಯಿರಿ. ಸಾಧಾರಣ ತುಂಬಿದ್ದರೆ 1.5 ಮಿ.ಮೀ. ಆಸುಪಾಸು. ಉರಿಯೂತದ ದಪ್ಪ ಹೆಚ್ಚಾಗಿ ಮುಂಭಾಗದಲ್ಲಿ, ಕ್ಯಾನ್ಸರ್ ಹೆಚ್ಚಾಗಿ ಹಿಂಭಾಗದ ಕತ್ತಿನ ಬಳಿ. ಮೂತ್ರಕೋಶದ ಗೆಡ್ಡೆಗೆ ಹೊಟ್ಟೆಯ ಮೂಲಕ ಸೂಜಿ ಚುಚ್ಚಬೇಡಿ, ಸೂಜಿಯ ದಾರಿಯುದ್ದಕ್ಕೂ ಜೀವಕೋಶಗಳು ಬಿತ್ತಿಹೋಗಬಹುದು. ಸಂತಾನಹರಣವಾದ ಗಂಡು ನಾಯಿಯ ಪ್ರಾಸ್ಟೇಟ್ ಪುಟ್ಟದಾಗಿರಬೇಕು; ಅಲ್ಲಿ ಸುಣ್ಣದ ಬಿಳಿ ಚುಕ್ಕೆಗಳು ಕಂಡರೆ ಕ್ಯಾನ್ಸರ್ ಪಟ್ಟಿಯ ಮೊದಲಿಗೆ ಬರುತ್ತದೆ. ಬೆದೆ ಮುಗಿದು ಕೆಲವು ವಾರಗಳಲ್ಲಿ ಮಂಕಾದ ಹೆಣ್ಣು ನಾಯಿಯಲ್ಲಿ ಮೂತ್ರಕೋಶದ ಮೇಲ್ಗಡೆ ದ್ರವ ತುಂಬಿದ ಕೊಳವೆಗಳು ಕಂಡರೆ ಗರ್ಭಕೋಶದ ಕೀವು, ತಡ ಮಾಡುವಂತಿಲ್ಲ.

ಕರುಳು. ಇಲ್ಲಿ ಎಣಿಸಲು ಬರಬೇಕು. ಗೋಡೆಯ ಐದು ಪದರಗಳು ಬಿಳಿ-ಕಪ್ಪು-ಬಿಳಿ-ಕಪ್ಪು-ಬಿಳಿಯಾಗಿ ಸಾಲಾಗಿ ಕಾಣುತ್ತವೆ: ಒಳಮೈ, ಲೋಳೆಪೊರೆ, ಅದರ ಕೆಳಪದರ, ಸ್ನಾಯು, ಹೊರಪೊರೆ. ಲೋಳೆಪೊರೆಯ ಕಪ್ಪು ಪಟ್ಟಿ ಎಲ್ಲಕ್ಕಿಂತ ದಪ್ಪ. ಸಣ್ಣ ಕರುಳಿನ ನಡುಭಾಗವಾದ ಜೆಜುನಮ್‌ನ ಗೋಡೆ ಚಿಕ್ಕ ಮತ್ತು ಮಧ್ಯಮ ನಾಯಿಗಳಲ್ಲಿ 4 ಮಿ.ಮೀ. ಆಸುಪಾಸಿನವರೆಗೆ, ಡ್ಯುಯೋಡಿನಮ್ ಅದಕ್ಕಿಂತ ಒಂದು ಮಿ.ಮೀ. ಹೆಚ್ಚು ದಪ್ಪ. ದಪ್ಪಕ್ಕಿಂತ ಪದರಗಳು ಉಳಿದಿವೆಯೇ ಎಂಬುದು ಮುಖ್ಯ. ದಪ್ಪವಾಗಿ ಪದರ ಉಳಿದಿದ್ದರೆ ಉರಿಯೂತದ ಕಡೆಗೆ ವಾಲಿ. ಒಂದೇ ಕಡೆ ಗೋಡೆ ಬಹಳ ಊದಿ ಪದರಗಳೇ ಅಳಿಸಿಹೋಗಿದ್ದರೆ ಗೆಡ್ಡೆಯ ಕಡೆಗೆ. ಲೋಳೆಪೊರೆಯಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡ ಬಿಳಿ ಗೆರೆಗಳಿದ್ದು ಆಲ್ಬುಮಿನ್ ಇಳಿದಿದ್ದರೆ ಕರುಳಿನ ದುಗ್ಧನಾಳಗಳು (ಲಿಂಫ್ ನಾಳಗಳು) ಹಿಗ್ಗಿವೆ.

ನುಂಗಿದ ವಸ್ತುವಿನ ಹುಡುಕಾಟದಲ್ಲಿ ವಸ್ತುವನ್ನೇ ಹುಡುಕುವುದಕ್ಕಿಂತ ಕರುಳಿನಲ್ಲಿ ಎರಡು ಬಗೆ ಇದೆಯೇ ನೋಡಿ: ಕೆಲವು ಸುರುಳಿಗಳು ನೀರು ತುಂಬಿ ಹಿಗ್ಗಿವೆ, ಕೆಲವು ಖಾಲಿ. ಹಿಗ್ಗಿದ್ದು ಖಾಲಿಯಾಗುವ ಜಾಗದಲ್ಲಿ ಬೆಳ್ಳನೆಯ ಮೇಲ್ಮೈ, ಅದರ ಹಿಂದೆ ಕಡುಕಪ್ಪು ನೆರಳು ಇದ್ದರೆ ಕಳ್ಳ ಸಿಕ್ಕ. ದಾರ, ಬಟ್ಟೆ ನುಂಗಿದ್ದರೆ ಕರುಳು ಲಂಗದ ನೆರಿಗೆಯಂತೆ ಮಡಿಚಿಕೊಂಡಿರುತ್ತದೆ. ಉಂಗುರದೊಳಗೆ ಉಂಗುರ ಕಂಡರೆ ಕರುಳೊಳಗೆ ಕರುಳು ಹೊಕ್ಕಿದೆ. ಒಂದು ನಿಮಿಷ ಪ್ರೋಬನ್ನು ಅಲುಗಿಸದೆ ಹಿಡಿದು ಚಲನೆಯನ್ನೂ ಎಣಿಸಿ. ಜಠರ ನಿಮಿಷಕ್ಕೆ ನಾಲ್ಕೈದು ಸಲ, ಸಣ್ಣ ಕರುಳು ಒಂದರಿಂದ ಮೂರು ಸಲ ಹಿಂಡುತ್ತದೆ.

ಪ್ಯಾಂಕ್ರಿಯಾಸ್. ಡ್ಯುಯೋಡಿನಮ್‌ನ ಒಳಮಗ್ಗುಲಲ್ಲಿ ಇದರ ಬಲ ರೆಕ್ಕೆ. ಅದು ಊದಿ ಕಪ್ಪಾಗಿ, ಸುತ್ತಲಿನ ಕೊಬ್ಬು ಬೆಳ್ಳಗೆ ಉರಿದಂತಿದ್ದು, ಪ್ರೋಬ್ ಒತ್ತಿದಾಗ ನಾಯಿ ನರಳಿದರೆ ಉರಿಯೂತ. ಅಲ್ಟ್ರಾಸೌಂಡಿನಲ್ಲಿ ಏನೂ ಕಾಣಲಿಲ್ಲವೆಂದು ಉರಿಯೂತವನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಮೊದಲ ದಿನ ಸಪ್ಪೆಯಾಗಿದ್ದ ಚಿತ್ರ ಎರಡು ದಿನದಲ್ಲಿ ಸ್ಪಷ್ಟವಾದದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಹಂತ 6: ನೀರು ಮತ್ತು ಸೂಜಿ

ಅಪಘಾತದಲ್ಲಿ ಬಂದ ನಾಯಿಗೆ ಮೇಲಿನ ಕ್ರಮ ಬದಿಗಿಟ್ಟು ನಾಲ್ಕೇ ಜಾಗ ನೋಡಿ: ವಪೆ ಮತ್ತು ಯಕೃತ್ತಿನ ನಡುವೆ, ಗುಲ್ಮ ಮತ್ತು ಎಡ ಮೂತ್ರಪಿಂಡದ ನಡುವೆ, ಮೂತ್ರಕೋಶದ ಬಳಿ, ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ. ನೀರು ಕಂಡ ಪ್ರತಿ ಜಾಗಕ್ಕೆ ಒಂದು ಅಂಕ, ಒಟ್ಟು ನಾಲ್ಕು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ನೋಡಿದಾಗ ಅಂಕ ಏರಿದ್ದರೆ ಸೋರಿಕೆ ಇನ್ನೂ ನಿಂತಿಲ್ಲ. ಆ ನೀರು ರಕ್ತವೋ ಮೂತ್ರವೋ ಕೀವೋ ಪಿತ್ತವೋ ಎಂದು ಬಣ್ಣ ನೋಡಿ ಹೇಳಲು ಪರದೆಗೆ ಆಗದು. ಸೂಜಿಯಲ್ಲಿ ತೆಗೆದು ನೋಡಬೇಕು.

ಗಂಟುಗಳಿಗೂ ಇದೇ ಮಾತು. ದೊಡ್ಡದಾಗಿ ದುಂಡಗಾದ ದುಗ್ಧಗ್ರಂಥಿ (ಲಿಂಫ್ ನೋಡ್), ಯಕೃತ್ತಿನ ಗುರಿಫಲಕ, ಜೇನುಗೂಡಿನ ಗುಲ್ಮ, ಇವುಗಳಿಂದ ಸಣ್ಣ ಸೂಜಿಯಲ್ಲಿ ಜೀವಕೋಶ ತೆಗೆಯಬಹುದು. ಮೊದಲು ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಮರಿಗಳ ಕರುಳಿನ ದುಗ್ಧಗ್ರಂಥಿಗಳು ಸಹಜವಾಗಿಯೇ ದೊಡ್ಡವು, ಅಲ್ಲಿ ಸೂಜಿಗೆ ಅವಸರ ಬೇಡ.

ಹಂತ 7: ವರದಿ ಬರೆಯುವುದು

ಎರಡು ಭಾಗ ಮಾಡಿ. ಮೊದಲನೆಯದರಲ್ಲಿ ಕಂಡದ್ದು ಮಾತ್ರ, ಎರಡನೆಯದರಲ್ಲಿ ಅದರ ಅರ್ಥ. ಮೊದಲನೆಯ ಭಾಗ ಹೀಗಿರಲಿ: 'ಗುಲ್ಮದ ಹಿಂತುದಿಯಲ್ಲಿ 2.3 x 1.9 ಸೆಂ.ಮೀ. ಅಳತೆಯ, ಅಂಚು ಸ್ಪಷ್ಟವಿರುವ, ಒಳಗೆ ಒಂದೇ ಸಮನಾಗಿಲ್ಲದ ಹೈಪೊಎಕೋಯಿಕ್ ಗಂಟು; ಹೊರಪೊರೆಯನ್ನು ಉಬ್ಬಿಸಿದೆ; ಸುತ್ತ ದ್ರವವಿಲ್ಲ.' ಎರಡನೆಯ ಭಾಗದಲ್ಲಿ ಸಂಭವದ ಕ್ರಮದಲ್ಲಿ ಎರಡು-ಮೂರು ಹೆಸರುಗಳು, ಪ್ರತಿಯೊಂದನ್ನೂ ಸಾಬೀತು ಮಾಡಲು ಇಲ್ಲವೇ ತಳ್ಳಿಹಾಕಲು ಮುಂದಿನ ಪರೀಕ್ಷೆ. ಏನು ಕಾಣಲಿಲ್ಲ ಎಂಬುದನ್ನೂ ಬರೆಯಿರಿ: 'ಅನಿಲದಿಂದಾಗಿ ಪ್ಯಾಂಕ್ರಿಯಾಸ್‌ನ ಎಡ ರೆಕ್ಕೆ ಕಾಣಲಿಲ್ಲ' ಎಂದು ಬರೆಯುವುದಕ್ಕೂ 'ಪ್ಯಾಂಕ್ರಿಯಾಸ್ ಸಹಜ' ಎಂದು ಬರೆಯುವುದಕ್ಕೂ ಅಜಗಜಾಂತರ.

ವರದಿ ಕೈಗೆ ಬಂದ ಮಾಲೀಕರು ಮೊದಲ ಭಾಗದ ಒಂದೊಂದು ಪದವನ್ನೂ ಅಂತರ್ಜಾಲದಲ್ಲಿ ಹುಡುಕುತ್ತ ರಾತ್ರಿ ಕಳೆಯುವ ಬದಲು ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಇದರಲ್ಲಿ ಯಾವುದು ನನ್ನ ನಾಯಿಯ ಈಗಿನ ತೊಂದರೆಗೆ ಕಾರಣವಾಗಿರಬಹುದು? ಯಾವುದು ವಯಸ್ಸಿಗೆ ಸಹಜ? ಯಾವುದನ್ನು ಎಷ್ಟು ವಾರ ಬಿಟ್ಟು ಮತ್ತೆ ಅಳೆಯಬೇಕು?

ಮೂರನೆಯ ಪ್ರಶ್ನೆಗೆ ಉತ್ತರವಾಗಿ ದಿನಾಂಕವನ್ನು ವರದಿಯ ಕೊನೆಯಲ್ಲೇ ಬರೆದುಬಿಡಿ, ಅಳತೆಯ ಗೆರೆಗಳಿರುವ ಚಿತ್ರಗಳನ್ನು ಉಳಿಸಿಡಿ. ಮುಂದಿನ ಸಲ ಪ್ರೋಬ್ ಹಿಡಿಯುವವರು ಬೇರೆ ಯಾರೋ ಆಗಿರಬಹುದು; ಗಂಟು ಬೆಳೆದಿದೆಯೋ ಇಲ್ಲವೋ ಎಂದು ತಿಳಿಯಲು ಅವರಿಗೆ ಬೇಕಾಗುವುದು ಆ ಹಳೆಯ ಚಿತ್ರ.